ಕುಕ್ಕರ್ ಕೂಗುವ ಮುಂಚೆ

ಮಿಕ್ಸಿ ಹಾಕಿದ ಕೂಡಲೇ ಕಿವಿ ಮುಚ್ಚಿಕೊಂಡು ಚೀರುವ ಮಗು, ಅದೇ ಸಂಜೆ ಸ್ಟೀಲ್ ತಟ್ಟೆಯ ಮೇಲೆ ಸೌಟಿನಿಂದ ಬಡಿಯುತ್ತ ಕೂರುತ್ತದೆ. ‘ಸದ್ದಾದ್ರೆ ಆಗಲ್ಲ ಅನ್ನೋನು ತಾನೇ ಇಷ್ಟು ಸದ್ದು ಮಾಡ್ತಾನಲ್ಲ? ಇದೆಲ್ಲ ಬರೀ ಹಠ, ಎರಡು ಬಿಟ್ಟರೆ ಸರಿಹೋಗುತ್ತೆ’ ಎಂಬ ತೀರ್ಪು ಮನೆಯಲ್ಲಿ ಬರುವುದು ಇಂಥ ಹೊತ್ತಿನಲ್ಲಿ. ತೀರ್ಪು ತಪ್ಪು. ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ, ಮತ್ತು ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಇಂಥ ಮಗುವಿನ ಜೊತೆ ಬದುಕುವ ದಾರಿಯೂ ಸ್ವಲ್ಪ ಸ್ವಲ್ಪವಾಗಿ ಕಾಣತೊಡಗುತ್ತದೆ.

ಈ ಪ್ರಶ್ನೆ ಹೊಸದಲ್ಲ. ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಕುರಿತು ಒಂದು ಪ್ರಬಂಧ ಬರೆದರು. ಆಟಿಸಂ ಎಂದು ನಾವಿಂದು ಕರೆಯುವ ಸ್ಥಿತಿಯ ಮೊದಮೊದಲ ವಿವರವಾದ ದಾಖಲೆ ಅದು. ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಮೊಟ್ಟೆ ಕಡೆಯುವ ಯಂತ್ರ, ಹರಿಯುವ ನೀರು, ಕೊನೆಗೆ ಬೀಸುವ ಗಾಳಿಗೂ ಬೆಚ್ಚಿಬೀಳುವ ಮಕ್ಕಳು ಅದರಲ್ಲಿ ಬರುತ್ತಾರೆ. ಇದೇ ಮಕ್ಕಳು ತಾವೇ ಮಾಡುವ ದೊಡ್ಡ ಸದ್ದನ್ನು ಖುಷಿಯಿಂದ ಅನುಭವಿಸುತ್ತಿದ್ದುದನ್ನೂ ಕ್ಯಾನರ್ ಗಮನಿಸಿದ್ದರು. ಮಗು ಹೆದರುವುದು ಸದ್ದಿಗಲ್ಲ, ಆ ಸದ್ದು ಹೇಳದೆ ಕೇಳದೆ ತನ್ನ ಲೋಕದೊಳಗೆ ನುಗ್ಗಿಬರುವುದಕ್ಕೆ ಎಂದು ಅವರಿಗೆ ಅನ್ನಿಸಿತ್ತು.

ಅರ್ಧ ಶತಮಾನದ ನಂತರ ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಬೇರೆ ದಿಕ್ಕಿನಿಂದ ಬೆಳಕು ಚೆಲ್ಲಿತು. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲವೇಕೆ? ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಮಿದುಳಿನ ಚಿತ್ರ ತೆಗೆದು ತೋರಿಸಿದಂತೆ, ಕೈ ಆಡಿಸುವಾಗಲೇ ಮಿದುಳು ಅದರಿಂದ ಆಗಲಿರುವ ಸ್ಪರ್ಶವನ್ನು ಮುಂಚಿತವಾಗಿ ಅಂದಾಜು ಮಾಡುತ್ತದೆ, ಆ ಸ್ಪರ್ಶ ಬಂದಾಗ ಅದರ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ. ಹಿಂದಲೆಯ ಕಿರುಮಿದುಳಿಗೆ ಇದರಲ್ಲಿ ಮುಖ್ಯ ಪಾತ್ರವಿದೆ. ಕೈಯ ಚಲನೆಯನ್ನು ಒಂದು ರೋಬೋಟಿನ ಮೂಲಕ ಹಾಯಿಸಿ, ಸ್ಪರ್ಶ ಸೆಕೆಂಡಿನ ಹತ್ತನೇ ಒಂದೆರಡು ಭಾಗದಷ್ಟು ತಡವಾಗಿ ಬರುವಂತೆ ಮಾಡಿದರೆ ಸಾಕು, ತನ್ನ ಕೈಯೇ ತನಗೆ ಕಚಗುಳಿ ಇಡತೊಡಗುತ್ತದೆ. ಅಂದಾಜಿಗೆ ಸಿಕ್ಕಿದ್ದು ಮೆತ್ತಗೆ, ಸಿಗದ್ದು ಜೋರು. ತಟ್ಟೆ ಬಡಿಯುವ ಮಗುವಿನ ಮಿದುಳಿಗೆ ಮುಂದಿನ ಸದ್ದು ಯಾವಾಗ ಬರುತ್ತದೆಂದು ಗೊತ್ತು. ಮಿಕ್ಸಿಯ ಸ್ವಿಚ್ಚು ಅಮ್ಮನ ಕೈಯಲ್ಲಿದೆ.

ಅಂದಾಜು ಮಾಡುವ ಈ ಶಕ್ತಿಯಲ್ಲೇ ಆಟಿಸಂ ಇರುವವರಿಗೆ ತೊಡಕಿರಬಹುದೇ ಎಂದು ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಮತ್ತು ಅವರ ತಂಡ 2014ರಲ್ಲಿ ಒಂದು ವಾದವನ್ನು ಮುಂದಿಟ್ಟಿತು. ಮುಂದೇನಾಗುತ್ತದೆ ಎಂದು ಊಹಿಸಲಾಗದವನಿಗೆ ಜಗತ್ತು ಕ್ಷಣಕ್ಷಣಕ್ಕೂ ದಿಢೀರನೆ ಎರಗುವಂತಿರುತ್ತದೆ. ಒಂದೇ ದಾರಿಯಲ್ಲಿ ಶಾಲೆಗೆ ಹೋಗಬೇಕು, ಅದೇ ತಟ್ಟೆಯಲ್ಲಿ ಉಣ್ಣಬೇಕು ಎಂಬ ಪಟ್ಟು ಆ ಎರಗುವಿಕೆಯಿಂದ ಪಾರಾಗುವ ಉಪಾಯವಾಗಿರಬಹುದು ಎಂಬುದು ಅವರ ತರ್ಕ. ಇದು ಇನ್ನೂ ಪರೀಕ್ಷೆಗೆ ಒಳಗಾಗುತ್ತಿರುವ ಸಿದ್ಧಾಂತ, ಕೊನೆಯ ಮಾತಲ್ಲ. ಆದರೆ ಮನೆಯಲ್ಲಿ ನಾಳೆ ಬೆಳಗ್ಗೆ ಏನು ಮಾಡಬೇಕೆಂದು ಹೇಳಿಕೊಡುವ ಗುಣ ಇದಕ್ಕಿದೆ. ನಾನು ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಅದೇ ಕಾರಣ.

ಇನ್ನೊಂದು ಸಂಗತಿಗೆ ಹೆಚ್ಚು ಗಟ್ಟಿ ಆಧಾರವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶೂಲಮೈಟ್ ಗ್ರೀನ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳಿಗೆ ಸ್ಕ್ಯಾನರ್‌ನೊಳಗೆ ವಾಹನ ಸಂಚಾರದ ಸದ್ದು ಕೇಳಿಸಿ, ಚುಚ್ಚುವ ಉಣ್ಣೆ ಬಟ್ಟೆಯನ್ನು ತೋಳಿಗೆ ತಾಗಿಸಿ ನೋಡಿದರು. ಸಂವೇದನೆ ಅತಿಯಾಗಿದ್ದ ಮಕ್ಕಳಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗ ಹೆಚ್ಚು ಜೋರಾಗಿ ಎದ್ದಿತು. ಅಷ್ಟೇ ಅಲ್ಲ, ಸದ್ದು ಮರುಕಳಿಸಿದರೂ ಅದು ಸುಲಭಕ್ಕೆ ತಣ್ಣಗಾಗಲಿಲ್ಲ. ಉಳಿದ ಮಕ್ಕಳ ಮಿದುಳು ‘ಓ, ಅದೇ ಸದ್ದು’ ಎಂದು ಒಗ್ಗಿಕೊಳ್ಳುವ ಕಡೆ ಇವರ ಮಿದುಳು ಪ್ರತಿ ಸಲವೂ ಹೊಸದಾಗಿ ಬೆಚ್ಚುತ್ತಿತ್ತು. ‘ದಿನಾ ಕೇಳ್ತಾ ಕೇಳ್ತಾ ರೂಢಿಯಾಗುತ್ತೆ ಬಿಡಿ’ ಎಂಬ ಸಲಹೆ ಈ ಮಕ್ಕಳ ವಿಷಯದಲ್ಲಿ ಯಾಕೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ಬೇಕಿಲ್ಲ.

ಇಂಥ ತೊಡಕು ಆಟಿಸಂ ಇದ್ದವರಿಗೇ ಇರಬೇಕೆಂದಿಲ್ಲ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ, ಅವಧಿಗೆ ಮುನ್ನ ಹುಟ್ಟಿದವರಲ್ಲಿ, ಬೇರಾವ ಸಮಸ್ಯೆಯೂ ಇಲ್ಲದ ಮಕ್ಕಳಲ್ಲಿಯೂ ಕಾಣುತ್ತದೆ. ಎಲ್ಲರದೂ ಅತಿಸಂವೇದನೆಯೂ ಅಲ್ಲ. ಕೆಲವರಿಗೆ ಬಿದ್ದು ಮಂಡಿ ತರಚಿದ್ದೇ ಗೊತ್ತಾಗುವುದಿಲ್ಲ. ಕೆಲವರು ಗಿರಗಿರ ತಿರುಗುತ್ತಲೇ ಇರುತ್ತಾರೆ, ಸೋಫಾದಿಂದ ಹಾರುತ್ತಲೇ ಇರುತ್ತಾರೆ. ಒಳಗಿವಿಯ ಸಮತೋಲನದ ಅಂಗಕ್ಕೂ ಸ್ನಾಯು ಕೀಲುಗಳಿಗೂ ಇನ್ನಷ್ಟು ಸುದ್ದಿ ಬೇಕೆಂದು ಅವರ ಮೈ ಕೇಳುತ್ತಿರುತ್ತದೆ. ಹಸಿವು, ಮೂತ್ರದ ಒತ್ತಡ ಕೊನೆಯ ಗಳಿಗೆಯವರೆಗೂ ತಿಳಿಯದ ಮಕ್ಕಳೂ ಇದ್ದಾರೆ. ಒಂದೇ ಮಗುವಿನಲ್ಲಿ ಕಿವಿ ಚುರುಕಾಗಿದ್ದು ಚರ್ಮ ಮಂದವಾಗಿರಬಹುದು.

ಇನ್ನು ರಂಪಾಟದ ಮಾತು. ಬೆಳಗ್ಗೆ ಸಮವಸ್ತ್ರದ ಕಾಲರಿನ ಹಿಂದಿನ ಲೇಬಲ್ಲು ಕೆರೆಯುತ್ತದೆ. ವ್ಯಾನಿನಲ್ಲಿ ಹಾರ್ನು, ಪ್ರಾರ್ಥನೆಯಲ್ಲಿ ಕಿರ್ರೆನ್ನುವ ಮೈಕು, ಮಧ್ಯಾಹ್ನ ನಲವತ್ತು ಡಬ್ಬಿಗಳು ಒಟ್ಟಿಗೆ ತೆರೆದುಕೊಂಡಾಗಿನ ವಾಸನೆ. ಮಗು ಎಲ್ಲವನ್ನೂ ಹಲ್ಲು ಕಚ್ಚಿ ತಡೆಯುತ್ತದೆ. ಮನೆಗೆ ಬಂದಾಗ ಅಮ್ಮ ‘ಕೈಕಾಲು ತೊಳ್ಕೊಂಡು ಬಾ ಪುಟ್ಟಾ’ ಅನ್ನುತ್ತಾಳೆ, ಅಷ್ಟಕ್ಕೇ ಬ್ಯಾಗು ಹಾರುತ್ತದೆ, ತಂಗಿಗೆ ಏಟು ಬೀಳುತ್ತದೆ. ಟೀಚರು ‘ಶಾಲೆಯಲ್ಲಿ ತುಂಬ ಒಳ್ಳೆಯವನು’ ಅಂದಾಗ ದೂರು ಅಮ್ಮನ ಮೇಲೆಯೇ ತಿರುಗುತ್ತದೆ: ನೀನೇ ಮುದ್ದು ಮಾಡಿ ಕೆಡಿಸಿದ್ದೀಯ. ಈ ಮಾತು ಕೇಳಿ ಕೇಳಿ ಸೋತ ತಾಯಂದಿರು ನಮ್ಮ ಸುತ್ತ ಬಹಳ ಜನ ಇದ್ದಾರೆ. ಮನೆ ಸುರಕ್ಷಿತ ಜಾಗ ಎಂದು ಮೈ ನಂಬಿರುವುದರಿಂದಲೇ ತಡೆದಿಟ್ಟದ್ದೆಲ್ಲ ಅಲ್ಲಿ ಹೊರಬೀಳುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಆಟಿಕೆ ಬೇಕೆಂದು ಹೂಡುವ ಹಠಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಠ ಹಿಡಿದ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಸಂವೇದನೆ ಮಿತಿಮೀರಿ ರಚ್ಚೆ ಹಿಡಿದ ಮಗುವಿಗೆ ಕೇಳಿದ್ದನ್ನೆಲ್ಲ ಕೊಟ್ಟರೂ ನಿಲ್ಲಿಸಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಬುದ್ಧಿವಾದ ಇನ್ನೊಂದು ಸದ್ದು ಅಷ್ಟೆ. ಮಾತು ಕಡಿಮೆ ಮಾಡಿ, ದೀಪ ಆರಿಸಿ, ಸುತ್ತ ನೆರೆದವರನ್ನು ಕಳಿಸಿ, ಪೆಟ್ಟಾಗುವ ವಸ್ತು ಸರಿಸಿ, ಹತ್ತಿರವೇ ಸುಮ್ಮನೆ ಕುಳಿತಿರಿ. ಕೆಲವು ಮಕ್ಕಳಿಗೆ ಬಿಗಿಯಾಗಿ ಅಪ್ಪಿಕೊಂಡರೆ ಸಮಾಧಾನ, ಕೆಲವರಿಗೆ ಮುಟ್ಟಿದರೇ ಬೆಂಕಿ. ನಿಮ್ಮ ಮಗು ಯಾವುದು ಎಂಬುದನ್ನು ಶಾಂತವಾಗಿರುವಾಗಲೇ ತಿಳಿದಿಟ್ಟುಕೊಳ್ಳಬೇಕು. ಬಲವಂತವಾಗಿ ಅದುಮಿ ಹಿಡಿಯುವುದು ಬೇಡ. ನಡೆದದ್ದರ ವಿಚಾರಣೆ ಆಮೇಲೆ, ಊಟ ನಿದ್ದೆಯ ನಂತರ, ನಾಲ್ಕೇ ಮಾತಿನಲ್ಲಿ.

ನಿಜವಾದ ಕೆಲಸ ಇರುವುದು ರಚ್ಚೆಗೂ ಮುಂಚಿನ ಅರ್ಧ ಗಂಟೆಯಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ರಚ್ಚೆ ಯಾವಾಗ ಬಂತು, ಅದಕ್ಕೆ ಮುಂಚೆ ಏನಿತ್ತು, ಆಮೇಲೆ ಯಾರು ಏನು ಮಾಡಿದರು ಎಂದು ಎರಡು ವಾರ ಬರೆಯಿರಿ. ಸಂಜೆ ಮಾತ್ರವೇ? ನೆಂಟರು ಬಂದ ದಿನವೇ? ಹಸಿದಿದ್ದಾಗಲೇ? ಬಹಳ ಸಲ ಒಂದು ಜಾಡು ಸಿಗುತ್ತದೆ. ಇದ್ದಕ್ಕಿದ್ದಂತೆ ನಡವಳಿಕೆ ಬದಲಾಗಿದ್ದರೆ ಮಾತ್ರ ನೋಟ್‌ಬುಕ್ಕಿಗೆ ಕಾಯದೆ ಮೊದಲು ಮೈ ನೋಡಿಸಿ. ಹುಳುಕು ಹಲ್ಲು, ಕಿವಿ ಸೋರಿಕೆ, ಮಲಬದ್ಧತೆ ಇವುಗಳ ನೋವನ್ನು ಹೇಳಲಾಗದ ಮಗು ತಲೆ ಚಚ್ಚಿಕೊಂಡು ಹೇಳುತ್ತದೆ.

ಮೊದಲೇ ಹೇಳಿದ ಅಂದಾಜಿನ ವಿಷಯ ಇಲ್ಲಿ ನೆರವಿಗೆ ಬರುತ್ತದೆ. ಕುಕ್ಕರ್ ಇಡುವಾಗಲೇ ‘ಮೂರು ಸಲ ಕೂಗುತ್ತೆ, ಒಂದೊಂದಕ್ಕೂ ಒಂದು ಬೆರಳು ಮಡಚೋಣ’ ಎನ್ನಿ. ಮಿಕ್ಸಿಯ ಸ್ವಿಚ್ಚನ್ನು ನೀವು ಪಕ್ಕದಲ್ಲಿ ನಿಂತು ಮಗುವಿನ ಕೈಯಲ್ಲೇ ಒತ್ತಿಸಿ. ಅದು ಆಗದಿದ್ದರೆ ದೂರದ ಕೋಣೆಯಿಂದ ಕೇಳಿಸುವುದರಿಂದ ಶುರು ಮಾಡಿ. ತಲೆಗೆ ಎಣ್ಣೆ ಹಚ್ಚುವಾಗ ತುದಿಬೆರಳಲ್ಲಿ ಸವರುವುದಕ್ಕಿಂತ ಅಂಗೈಯಿಂದ ಗಟ್ಟಿಯಾಗಿ ಒತ್ತುವುದು ಬಹಳ ಮಕ್ಕಳಿಗೆ ಸಹ್ಯ. ಅನ್ನಕ್ಕೆ ಸಾರು ಸೋಕಿದರೆ ತಟ್ಟೆ ತಳ್ಳುವ ಮಗುವಿಗೆ ಬೇರೆ ಬಟ್ಟಲಲ್ಲಿ ಕೊಡಿ, ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮದುವೆ ಮನೆಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಗಟ್ಟಿಮೇಳ. ವಾಲಗ ಒಂದೇ ಸಮನೆ ನುಡಿಯುತ್ತಿರುತ್ತದೆ, ಪುರೋಹಿತರು ಕೈಯೆತ್ತಿದ ಕೂಡಲೇ ಡೋಲು ಸಿಡಿಲಿನಂತೆ ಎದ್ದುಬಿಡುತ್ತದೆ. ಮುಹೂರ್ತದ ಸಮಯ ಹೇಗೂ ಆಮಂತ್ರಣ ಪತ್ರಿಕೆಯಲ್ಲಿರುತ್ತದೆ. ಆ ಕಾಲು ಗಂಟೆ ಚಿಕ್ಕಪ್ಪನೋ ಅತ್ತೆಯೋ ಮಗುವನ್ನು ಹೊರಗೆ ಕರೆದೊಯ್ದು ಊಟದ ಹೊತ್ತಿಗೆ ತಂದರೆ ಇಡೀ ದಿನ ಉಳಿಯುತ್ತದೆ.

ಕಿವಿಗೆ ಹಾಕುವ ಸದ್ದುತಡೆ ಹೆಡ್‌ಫೋನು ಇಂಥ ಕಡೆ ಒಳ್ಳೆಯದು. ದಿನವಿಡೀ ಹಾಕಿಸಬೇಡಿ. ಆರೋಗ್ಯವಂತ ವಯಸ್ಕರೇ ಎರಡು ವಾರ ಕಿವಿಗೆ ಬಿರಡೆ ಹಾಕಿಕೊಂಡಾಗ ತೆಗೆದ ಮೇಲೆ ಅವರಿಗೆ ಸಾಧಾರಣ ಸದ್ದೂ ಮೊದಲಿಗಿಂತ ಜೋರೆನಿಸಿದ್ದನ್ನು ಅಮೆರಿಕದ ಶ್ರವಣತಜ್ಞರು 2003ರಲ್ಲಿ ವರದಿ ಮಾಡಿದ್ದಾರೆ. ಸದ್ದು ಕಡಿಮೆಯಾದಾಗ ಮಿದುಳು ಒಳಗಿನಿಂದ ವಾಲ್ಯೂಮ್ ಏರಿಸಿಕೊಳ್ಳುತ್ತದೆ.

ಒಂದು ಕಷ್ಟವನ್ನು ಮುಚ್ಚಿಡಬಾರದು. ಚೀರಿದಾಗಲೆಲ್ಲ ಹೊರಗೆ ಕರೆದೊಯ್ದರೆ ಚೀರುವುದೇ ಹೊರಹೋಗುವ ದಾರಿ ಎಂದು ಮಗು ಕಲಿಯುವುದಿಲ್ಲವೇ? ಕಲಿಯುತ್ತದೆ. ಆದರೆ ದಾರಿ ಮುಚ್ಚುವುದು ಇದಕ್ಕೆ ಪರಿಹಾರವಲ್ಲ, ಇನ್ನೊಂದು ಬಾಗಿಲು ಕೊಡಬೇಕು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಳವಣಿಗೆಯ ತೊಂದರೆ ಇದ್ದ ನಾಲ್ವರು ಮಕ್ಕಳಿದ್ದರು. ಯಾರು ಪಾಠ ಕಷ್ಟವಾದಾಗ ರಂಪ ಮಾಡುತ್ತಾರೆ, ಯಾರು ಗಮನ ಸಿಗದಾಗ ಮಾಡುತ್ತಾರೆ ಎಂದು ಮೊದಲು ಪತ್ತೆ ಮಾಡಿ, ಅದೇ ಕೆಲಸ ಮಾಡಿಕೊಡುವ ಒಂದು ಚಿಕ್ಕ ವಾಕ್ಯವನ್ನು ಕಲಿಸಿದರು: ಅರ್ಥವಾಗಲಿಲ್ಲ ಎಂದೋ, ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ ಎಂದೋ. ಕಾರಣಕ್ಕೆ ಹೊಂದುವ ವಾಕ್ಯ ಸಿಕ್ಕಾಗ ರಂಪ ತಗ್ಗಿತು, ಹೊಂದದ ವಾಕ್ಯದಿಂದ ಏನೂ ಆಗಲಿಲ್ಲ. ಮಾತು ಬಾರದ ಮಗುವಿಗೆ ‘ಸಾಕು’ ಎಂಬ ಒಂದು ಸನ್ನೆ ಅಥವಾ ಚಿತ್ರದ ಚೀಟಿ ಸಾಲುತ್ತದೆ. ಮೊದಮೊದಲು ಅದನ್ನು ತೋರಿಸಿದಾಗಲೆಲ್ಲ ತಡಮಾಡದೆ ಒಪ್ಪಬೇಕು. ನಂಬಿಕೆ ಬಂದ ಮೇಲೆ ‘ಸರಿ, ಇನ್ನೊಂದು ಲೆಕ್ಕ ಮಾಡಿ ಹೋಗೋಣ’ ಎಂದು ಸ್ವಲ್ಪ ಸ್ವಲ್ಪ ಎಳೆಯಬಹುದು.

ಚಿಕಿತ್ಸೆಯ ವಿಷಯದಲ್ಲಿ ಮಾತು ಸ್ಪಷ್ಟವಾಗಿರಬೇಕು, ಯಾಕೆಂದರೆ ಇಲ್ಲಿ ಮನೆಮಂದಿಯ ದುಡಿಮೆ ಖರ್ಚಾಗುತ್ತದೆ. ಉಯ್ಯಾಲೆ, ದೊಡ್ಡ ಚೆಂಡು, ಒತ್ತಡದ ಆಟಗಳ ಮೂಲಕ ಇಂದ್ರಿಯಗಳನ್ನು ಹೊಂದಿಸುವ ಪದ್ಧತಿಯನ್ನು ರೂಪಿಸಿದವರು ಕ್ಯಾಲಿಫೋರ್ನಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಮಗುವಿನ ನಡೆಯ ಹಿಂದೆ ಮೈಯಿದೆ ಎಂದು ನೋಡಲು ಕಲಿಸಿದ ಋಣ ಅವರದು. ಆದರೆ ಬ್ರಿಟನ್ನಿನಲ್ಲಿ ಆಟಿಸಂ ಮತ್ತು ಸಂವೇದನಾ ತೊಡಕು ಎರಡೂ ಇದ್ದ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಥೆರಪಿ ಪಡೆದವರ ಸಿಡುಕು, ರೇಗಾಟ ಸಾಮಾನ್ಯ ಆರೈಕೆಯವರಿಗಿಂತ ಹೆಚ್ಚು ತಗ್ಗಿದ್ದು ಕಾಣಲಿಲ್ಲ. ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ ಎಂಬುದನ್ನು ಪ್ರತ್ಯೇಕ ಕಾಯಿಲೆಯೆಂದು ಬರೆದುಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ತನ್ನ ಸದಸ್ಯರಿಗೆ ಹೇಳಿತ್ತು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯೂ ಅದನ್ನು ಬೇರೆ ಕಾಯಿಲೆಯಾಗಿ ಸೇರಿಸದೆ, ಆಟಿಸಂನ ಲಕ್ಷಣಗಳಲ್ಲೊಂದಾಗಿ ಸಂವೇದನೆಯ ಏರುಪೇರನ್ನು ಸೇರಿಸಿತು. ನಿದ್ದೆ ಚೆನ್ನಾಗಿ ಬರಲೆಂದು ಹೊದಿಸುವ ಭಾರದ ಹೊದಿಕೆಯ ಕಥೆಯೂ ಹೀಗೆಯೇ. 2014ರ ಬ್ರಿಟಿಷ್ ಪರೀಕ್ಷೆಯಲ್ಲಿ ಮಕ್ಕಳೂ ತಂದೆತಾಯಿಯರೂ ಅದನ್ನು ಮೆಚ್ಚಿದರು, ನಿದ್ದೆ ಮಾತ್ರ ಹೆಚ್ಚಲಿಲ್ಲ. ಚಿಕ್ಕ ಮಕ್ಕಳಿಗೆ ಅದು ಅಪಾಯವೂ ಹೌದು.

ಹಾಗಾದರೆ ಥೆರಪಿಸ್ಟ್ ಬೇಡವೇ? ಬೇಕು. ಮಗುವನ್ನು ಬಾಗಿಲ ಹಿಂದೆ ಒಯ್ದು ಗಂಟೆ ಮುಗಿದ ಮೇಲೆ ವಾಪಸು ಕೊಡುವವರಲ್ಲ. ನಿಮ್ಮನ್ನು ಒಳಗೆ ಕೂರಿಸಿಕೊಂಡು, ಹಲ್ಲುಜ್ಜುವುದು, ಬಟ್ಟೆ ತೊಡುವುದು ಎಂಬಂಥ ಒಂದು ಗುರಿ ಇಟ್ಟುಕೊಂಡು, ಮೂರು ತಿಂಗಳಲ್ಲಿ ಬದಲಾಗದಿದ್ದರೆ ದಾರಿ ಬದಲಿಸುವವರು ಬೇಕು. ಮೈಗೆ ಭಾರದ ಕೆಲಸ ಒಳ್ಳೆಯದೆನಿಸಿದರೆ ಅದಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಗಿಡಗಳಿಗೆ ಬಕೆಟ್‌ನಲ್ಲಿ ನೀರು ಹೊತ್ತು ಹಾಕುವುದು, ಇವನ್ನು ಮನೆಪಾಠಕ್ಕೆ ಮುಂಚೆ ಮಾಡಿಸಿ ನೋಡಬಹುದು.

ಶಾಲೆಯ ವಿಷಯಕ್ಕೆ ಬಂದರೆ, ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಅಂಥ ಮಗುವಿಗೆ ಶಾಲೆ ಸೂಕ್ತ ಅನುಕೂಲ ಮಾಡಿಕೊಡಬೇಕು. ಬರೀ ಸಂವೇದನೆಯ ತೊಡಕಿದ್ದರೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಟೀಚರ ಒಳ್ಳೆಯ ಮನಸ್ಸನ್ನೇ ನೆಚ್ಚಬೇಕು. ಕೇಳುವುದೂ ದೊಡ್ಡದೇನಲ್ಲ: ಗಂಟೆ ಬಾರಿಸುವ ಮುಂಚೆ ಒಂದು ಸನ್ನೆ, ಬಾಗಿಲ ಪಕ್ಕದ ಜಾಗ, ಹೊರಗೆ ಒಂದು ಸುತ್ತು ಹೋಗಿಬರಲು ಅನುಮತಿ.

ಪರೀಕ್ಷೆ ಮಾಡಿಸಲು ಜಿಲ್ಲಾ ಆಸ್ಪತ್ರೆಗಳ ಶೀಘ್ರ ಪತ್ತೆ ಕೇಂದ್ರಗಳು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಇವೆ. ಶ್ರವಣ ಪರೀಕ್ಷೆಯಿಂದಲೇ ಶುರು ಮಾಡಿಸಿ, ಕಿವಿ ಮುಚ್ಚಿಕೊಳ್ಳುವ ಮಗುವಿಗೂ ಅದು ಬೇಕು. ಹೋಗುವಾಗ ಆ ನೋಟ್‌ಬುಕ್ಕನ್ನೂ ಫೋನಿನಲ್ಲಿ ಹಿಡಿದ ಒಂದೆರಡು ವಿಡಿಯೊವನ್ನೂ ಒಯ್ಯಿರಿ. ಆ ದಿನ ವೈದ್ಯರ ಕೋಣೆಯಲ್ಲಿ ಮಗು ಸುಮ್ಮನೆ ಕುಳಿತುಬಿಡಬಹುದು.