ತಲಾಂತಿನ ಕಲ್ಪನೆ ಮತ್ತು ಕಿಟ್ಟೆಲರ ಕೋಶ

ತನಗಿರುವ ಸಾಮರ್ಥ್ಯವನ್ನು ಬೆಳೆಸಿಕೊಂಡು ದೇವರ ಸೇವೆಗೆ ಮುಡಿಪಾಗಿಡಬೇಕೆಂಬುದು ಕ್ರೈಸ್ತ ಚಿಂತನೆಯ ಒಂದು ಮುಖ್ಯ ತತ್ತ್ವ. ಕನ್ನಡ ಅಧ್ಯಯನದಲ್ಲಿ ತೊಡಗಿರುವ ನಮಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ನಾವು ಪದೇ ಪದೇ ತೆರೆದು ನೋಡುವ ನಿಘಂಟೊಂದು ಈ ತತ್ತ್ವದ ಫಲವಾಗಿದೆ. ಆದುದರಿಂದ ಆ ತತ್ತ್ವದ ಸ್ವರೂಪವನ್ನೂ, ಅದು ಒಬ್ಬ ವಿದ್ವಾಂಸರ ಬಾಳಿನಲ್ಲಿ ತಳೆದ ರೂಪವನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಈ ತತ್ತ್ವಕ್ಕೆ ಆಧಾರವಾದುದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುವ ಸಾಮ್ಯ. ದೂರದೇಶಕ್ಕೆ ಹೊರಟ ಯಜಮಾನನೊಬ್ಬ ತನ್ನ ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರದಿಂದ ಅವನ್ನು ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲದಲ್ಲಿ ಹೂತಿಡುತ್ತಾನೆ. ತಲಾಂತು ಎಂಬುದು ಗ್ರೀಕ್ ಮೂಲದಲ್ಲಿ ಒಂದು ತೂಕದ ಹೆಸರು. ಹಣದ ಲೆಕ್ಕದಲ್ಲಿ 6000 ದ್ರಾಖ್ಮೆಗಳಿಗೆ ಸಮ. ಒಂದು ದ್ರಾಖ್ಮೆ ಸುಮಾರಾಗಿ ಒಬ್ಬ ಕೂಲಿಯಾಳಿನ ದಿನಗೂಲಿಯೆಂದು ಹಿಡಿದರೆ, ಒಂದು ತಲಾಂತು ಹದಿನಾರು ವರ್ಷಗಳಿಗೂ ಮಿಕ್ಕ ದುಡಿಮೆಯ ಬೆಲೆಯಾಗುತ್ತದೆ. ಒಂದನ್ನೇ ಪಡೆದವನೂ ಬಡವನಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಅವನು ಹಣವನ್ನು ಪೋಲು ಮಾಡಲೂ ಇಲ್ಲ. ಅಂಜಿಕೆಯಿಂದ ಅದನ್ನು ನಿಷ್ಫಲವಾಗಿ ಇಟ್ಟುದೇ ಅವನ ತಪ್ಪು. ಸಹಜಸಾಮರ್ಥ್ಯವೆಂಬ ಅರ್ಥದ 'ಟ್ಯಾಲೆಂಟ್' ಎಂಬ ಇಂಗ್ಲಿಷ್ ಪದ ಈ ಕಥೆಯ ವ್ಯಾಖ್ಯಾನದಿಂದಲೇ ಹುಟ್ಟಿದುದು.

ನಮ್ಮ ಅಲಂಕಾರಶಾಸ್ತ್ರದೊಡನೆ ಇದನ್ನು ಹೋಲಿಸಿ ನೋಡಬಹುದು. ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸಗಳು ಕೂಡಿ ಕಾರಣವೆಂದು ಹೇಳುತ್ತಾನೆ. ಹುಟ್ಟಿನಿಂದ ಬಂದ ಶಕ್ತಿಯೊಂದೇ ಸಾಲದು, ಅದನ್ನು ಬೆಳೆಸಬೇಕು ಎಂಬಲ್ಲಿ ಎರಡು ಪರಂಪರೆಗಳೂ ಒಮ್ಮತದವು. ಕ್ರೈಸ್ತ ಕಲ್ಪನೆ ಇದಕ್ಕೆ ಮತ್ತೊಂದನ್ನು ಸೇರಿಸುತ್ತದೆ: ಶಕ್ತಿ ನಮ್ಮ ಸ್ವತ್ತಲ್ಲ, ಅದಕ್ಕೆ ಲೆಕ್ಕ ಒಪ್ಪಿಸಬೇಕು. ಲೆಕ್ಕದ ಬಗೆಯನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಸೂಚಿಸಿದ್ದಾನೆ. ವರಗಳು ಬೇರೆ ಬೇರೆ. ಆದರೆ ಅವೆಲ್ಲ ಸರ್ವರ ಹಿತಕ್ಕಾಗಿ ಎಂಬುದು ಅವನ ಅಭಿಪ್ರಾಯ.

ಹಾಗಾದರೆ ಹಿತ ಯಾವುದೆಂದು ನಿರ್ಣಯಿಸುವವರು ಯಾರು? ಈ ಪ್ರಶ್ನೆ ಫರ್ಡಿನಾಂಡ್ ಕಿಟ್ಟೆಲರ ಜೀವನದಲ್ಲಿ ತೀಕ್ಷ್ಣವಾಗಿ ಕಾಣಿಸಿಕೊಂಡಿತು. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಜನಿಸಿದ ಅವರು ಬಾಸೆಲ್‌ನಲ್ಲಿ ಶಿಕ್ಷಣ ಪಡೆದು, 1853ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದರು. ಅವರಿಗೆ ಒದಗಿದ್ದ ತಲಾಂತು ಭಾಷೆಯದು. 1862ರಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ'ಯೆಂಬ ಹೆಸರಿನಲ್ಲಿ ದೇಶೀಯ ಛಂದಸ್ಸುಗಳಲ್ಲಿ ರಚಿಸಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಧರ್ಮಪ್ರಸಾರವೇ ಮೊದಲ ಕರ್ತವ್ಯವಾಗಿದ್ದ ಸಂಸ್ಥೆಯೊಳಗೆ ಇಂಥ ವ್ಯಾಸಂಗದ ಬಗೆಗೆ ಒಮ್ಮತವಿರಲಿಲ್ಲ. ಜೈನಕವಿಗಳ ಲಕ್ಷಣಗ್ರಂಥಗಳಲ್ಲಿ ಕಾಲ ಕಳೆಯುವುದು ಸುವಾರ್ತೆಯ ಸೇವೆಯೇ ಎಂಬ ಶಂಕೆ ಸಹಜವಾಗಿತ್ತು.

ಈ ಶಂಕೆಗೆ ಉತ್ತರವಾಗಿ ನಿಲ್ಲುವುದು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಶಬ್ದಗಳ ಈ ಕೋಶದಲ್ಲಿ ದ್ರಾವಿಡ ಮೂಲದ ಪದಗಳನ್ನು ಸಂಸ್ಕೃತದಿಂದ ಬಂದವುಗಳಿಂದ ಬೇರ್ಪಡಿಸಿ ತೋರಿಸಿದೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಜ್ಞಾತಿಪದಗಳನ್ನು ಕೊಟ್ಟಿದೆ. ಹಳೆಯ ಕೃತಿಗಳ ಪ್ರಯೋಗಗಳ ಜೊತೆಗೆ ಜನರ ಬಾಯಿಯ ಗಾದೆಗಳಿಗೂ ಎಡೆಯಿತ್ತಿದೆ. ಜೈನರ ಪದಕ್ಕಾಗಲಿ ವೀರಶೈವರ ಪದಕ್ಕಾಗಲಿ ಇಲ್ಲಿ ಆದರ ಕಡಿಮೆಯಾಗಿಲ್ಲ. ಸ್ಥಳೀಯ ಪಂಡಿತರ ನೆರವಿಲ್ಲದೆ ಇಷ್ಟು ದೊಡ್ಡ ಕಾರ್ಯ ನೆರವೇರುತ್ತಿರಲಿಲ್ಲವೆಂಬುದನ್ನೂ ನಾವು ನೆನೆಯಬೇಕು. ಒಬ್ಬರ ತಲಾಂತು ಬೆಳೆಯುವುದು ಅನೇಕರ ತಲಾಂತುಗಳ ಸಹವಾಸದಿಂದಲೇ.

ಇದರಿಂದ ನಮಗೆ ತೋರುವ ನಿರ್ಣಯವಿಷ್ಟು. ಸಾಮರ್ಥ್ಯವನ್ನು ದೇವರಿಗೆ ಒಪ್ಪಿಸುವುದೆಂದರೆ ಅದನ್ನು ಒಂದು ಸಂಸ್ಥೆಯ ತತ್ಕಾಲದ ಪ್ರಯೋಜನಕ್ಕೆ ಕಿರಿದುಗೊಳಿಸುವುದಲ್ಲ. ಕೈಗೆತ್ತಿಕೊಂಡ ಕೆಲಸವನ್ನು ಅದರ ಧರ್ಮಕ್ಕೆ ತಕ್ಕಂತೆ, ಪ್ರಾಮಾಣಿಕವಾಗಿ ಕೊನೆಮುಟ್ಟಿಸುವುದು. ಕಿಟ್ಟೆಲರು ತಮ್ಮ ಪಂಥದ ಗ್ರಂಥಗಳಿಗೆ ಬೇಕಾದ ಪದಗಳನ್ನಷ್ಟೇ ಆಯ್ದುಕೊಂಡಿದ್ದರೆ ಅವರ ಕೋಶ ಆ ಪಂಥದವರಿಗೆ ಮಾತ್ರ ಉಳಿಯುತ್ತಿತ್ತು. ಇಡೀ ಭಾಷೆಗೆ ನ್ಯಾಯ ಸಲ್ಲಿಸಿದುದರಿಂದ ಅದು ಎಲ್ಲ ಕನ್ನಡಿಗರ ಸೊತ್ತಾಯಿತು.

ಎಲ್ಲರಿಗೂ ಐದು ತಲಾಂತು ದೊರೆಯುವುದಿಲ್ಲ. ವಿದ್ಯಾರ್ಥಿಗಳೂ ಅಧ್ಯಾಪಕರೂ ಆದ ನಮ್ಮಲ್ಲಿ ಬಹುಮಂದಿಗೆ ದೊರೆತುದು ಒಂದೇ ಇರಬಹುದು. ಸಾಮ್ಯದ ಎಚ್ಚರಿಕೆ ಹೆಚ್ಚಾಗಿ ತಟ್ಟುವುದು ಅಂಥವರಿಗೇ. ಸ್ವಲ್ಪವೆಂಬ ಸಂಕೋಚದಿಂದ ಅದನ್ನು ಹೂತಿಡದೆ, ಒಂದು ಪದದ ಅರ್ಥವನ್ನಾದರೂ ಸರಿಯಾಗಿ ತಿಳಿದು, ತಿಳಿದುದನ್ನು ಇನ್ನೊಬ್ಬರಿಗೆ ತಿಳಿಸಿದರೆ ನಮ್ಮ ಪಾಲಿನ ಲೆಕ್ಕ ಸಂದಂತಾಗುತ್ತದೆ.