ಯಾವ ಪದ ಮೊದಲು?

'ಫ್ಲೆಮಿಂಗ್ ಡಿಸ್ಕವರ್ಡ್ ಪೆನಿಸಿಲಿನ್.' ಇದನ್ನು ಪ್ಯಾಸಿವ್ ವಾಯ್ಸ್‌ಗೆ ಬದಲಾಯಿಸಿ ಎಂದರೆ 'ಪೆನಿಸಿಲಿನ್ ವಾಸ್ ಡಿಸ್ಕವರ್ಡ್ ಬೈ ಫ್ಲೆಮಿಂಗ್' ಎಂದು ನೀವು ಥಟ್ಟನೆ ಬರೆದುಬಿಡುತ್ತೀರಿ. ಅಂಕವೂ ಸಿಗುತ್ತದೆ. ಆದರೆ ಯಾವುದನ್ನು ಎಲ್ಲಿ ಬಳಸಬೇಕು? ವಿಜ್ಞಾನ ಓದಿದ ನನಗೆ ಕಾಲೇಜಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕಾರ್ಯಕ್ರಮಗಳಿಗೆ ಸ್ಕ್ರಿಪ್ಟ್ ಬರೆಯಲು ಕುಳಿತಾಗ ಅದು ಎದುರಾಯಿತು.

ಮಾತು ಫ್ಲೆಮಿಂಗ್ ಅವರ ಜೀವನದ ಬಗ್ಗೆ ನಡೆದಿದ್ದರೆ ಮೊದಲನೆಯ ವಾಕ್ಯ ಒಪ್ಪುತ್ತದೆ. ಔಷಧಿಯ ಬಗ್ಗೆ ನಡೆದಿದ್ದರೆ ಎರಡನೆಯದು. ಕೇಳುವವರಿಗೆ ಗೊತ್ತಿರುವುದು ಮುಂದೆ, ಹೊಸದು ಆಮೇಲೆ. ಕನ್ನಡದಲ್ಲಿ ಇದು ಸುಲಭ. 'ಪೆನಿಸಿಲಿನ್ನನ್ನು ಫ್ಲೆಮಿಂಗ್ ಕಂಡುಹಿಡಿದರು' ಎಂದು ಪದಗಳನ್ನು ಅದಲು ಬದಲು ಮಾಡಿದರೂ ವಿಭಕ್ತಿ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷ್‌ನಲ್ಲಿ ಹಾಗೆ ಮಾಡಿ ನೋಡಿ, ಪೆನಿಸಿಲಿನ್ನೇ ಫ್ಲೆಮಿಂಗ್ ಅವರನ್ನು ಕಂಡುಹಿಡಿದಂತಾಗುತ್ತದೆ! ಹಳೆಯ ಇಂಗ್ಲಿಷ್‌ನಲ್ಲಿ ಇದ್ದ ವಿಭಕ್ತಿಗಳು ಬಹುಪಾಲು ಸವೆದುಹೋದವು. ಹಾಗಾಗಿ ಗೊತ್ತಿರುವುದನ್ನು ಮುಂದೆ ತರಲು ಆ ಭಾಷೆಗೆ ಪ್ಯಾಸಿವ್‌ನಂತಹ ಸಾಧನ ಬೇಕಾಯಿತು. ಇಂಗ್ಲಿಷನ್ನು ತಮ್ಮ ಜೆಕ್ ಭಾಷೆಯ ಜೊತೆ ಹೋಲಿಸಿ ಇದನ್ನು ವಿವರಿಸಿದವರು ಪ್ರಾಗ್‌ನ ವಿದ್ವಾಂಸ ವಿಲೆಮ್ ಮಾಥೇಸಿಯಸ್.

ಇದು ಬರೀ ಶೈಲಿಯ ಮಾತಲ್ಲ. 1974ರಲ್ಲಿ ಸೂಸನ್ ಹ್ಯಾವಿಲ್ಯಾಂಡ್ ಮತ್ತು ಹರ್ಬರ್ಟ್ ಕ್ಲಾರ್ಕ್ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಹಿಂದಿನ ವಾಕ್ಯದಲ್ಲಿ ಹೆಸರಿಸಿದ ವಸ್ತುವನ್ನೇ ಮುಂದಿನ ವಾಕ್ಯ ಎತ್ತಿಕೊಂಡರೆ ಓದುಗರು ಬೇಗ ಗ್ರಹಿಸಿದರು. ಕೊಂಡಿಯನ್ನು ತಾವೇ ಊಹಿಸಬೇಕಾದಾಗ ಹೆಚ್ಚು ಹೊತ್ತು ಹಿಡಿಯಿತು.

ಪದಗಳ ಭಾರವೂ ಲೆಕ್ಕಕ್ಕೆ ಬರುತ್ತದೆ. 'ಐ ಗೇವ್ ಟು ರವಿ ದ ಬುಕ್' ಕಿವಿಗೆ ಕಲ್ಲು ಸಿಕ್ಕಂತೆ. ಆದರೆ 'ಐ ಗೇವ್ ಟು ರವಿ ದ ಬುಕ್ ದಟ್ ಮೈ ಅಂಕಲ್ ಹ್ಯಾಡ್ ಬ್ರಾಟ್ ಫ್ರಮ್ ಮೈಸೂರ್' ಎನ್ನಿ, ಒಪ್ಪುತ್ತದೆ. ಉದ್ದನೆಯ ತುಂಡನ್ನು ನಡುವೆ ಇಟ್ಟರೆ, ಕೊಟ್ಟಿದ್ದು ಯಾರಿಗೆ ಎಂದು ತಿಳಿಯಲು ಅದು ಮುಗಿಯುವವರೆಗೆ ಕಾಯಬೇಕು. ನಮ್ಮ ತಾತ್ಕಾಲಿಕ ನೆನಪಿನ ಚೀಲ ಚಿಕ್ಕದು. ಉದ್ದದ ಭಾಗ ಹಿಂದಕ್ಕೆ ಸರಿಯುವ ಒಲವನ್ನು ಜರ್ಮನಿಯ ಓಟೋ ಬೆಹಾಗೆಲ್ 1909ರಲ್ಲೇ ಗುರುತಿಸಿದ್ದರು. ಅದು ಕೇಳುವವರ ಮಿದುಳಿನ ಶ್ರಮವನ್ನು ಉಳಿಸುತ್ತದೆ ಎಂಬ ವಾದವನ್ನು ಜಾನ್ ಹಾಕಿನ್ಸ್ 1994ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬೆಳೆಸಿದರು. ಸ್ಟುಡಿಯೋದಲ್ಲಿ ನಿರೂಪಕರು ತಡವರಿಸಿದಾಗ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ವಾಕ್ಯದ ನಡುವೆ ಸಿಕ್ಕಿಕೊಂಡ ಆ ಉದ್ದದ ತುಂಡನ್ನು.

ಇಂದು ರಾತ್ರಿ ನಿಮ್ಮ ಇಂಗ್ಲಿಷ್ ಪಠ್ಯದ ಒಂದು ಪ್ಯಾರಾ ತೆಗೆದುಕೊಳ್ಳಿ. ಅದರಲ್ಲಿನ ಪ್ಯಾಸಿವ್ ವಾಕ್ಯಗಳನ್ನೆಲ್ಲ ಆ್ಯಕ್ಟಿವ್ ಮಾಡಿ ಗಟ್ಟಿಯಾಗಿ ಓದಿ. ಎಲ್ಲಿ ಮಾತಿನ ಎಳೆ ಕಡಿಯಿತು ಎಂದು ಗುರುತು ಹಾಕಿಕೊಳ್ಳಿ.