ಫರ್ಸಿ ಸಂದಿನ ಹಾವರಾಣಿ, ದ್ವೀಪದ ಗಂಪ್

ಬಿಸಿಲು ಏರುತ್ತಿದ್ದಂತೆ ಕಲಬುರಗಿಯ ಶಹಾಬಜಾರದ ಹಳೇ ಮನೆಗಳ ಫರ್ಸಿ ಕಲ್ಲಿನ ಸಂದಿಯಿಂದ ಕಂಚಿನ ಬಣ್ಣದ ತಲೆಯೊಂದು ಇಣುಕುತ್ತದೆ. ಮಿರುಗುವ ಮೈ, ಗಿಡ್ಡ ಕಾಲು, ಕಣ್ಣಿನ ಹಿಂದಿನಿಂದ ಪಕ್ಕೆಯುದ್ದಕ್ಕೂ ತಿಳಿ ಗೆರೆ. ‘ಏ, ಹಾವರಾಣಿ ಬಂದದ, ಬಡಗಿ ತಗೊಂಬಾ’ ಎಂಬ ಕೂಗು ಬೀಳುವಷ್ಟರಲ್ಲಿ ಅದು ಮಾಯ. ಒಮ್ಮೊಮ್ಮೆ ಬಾಲ ಮಾತ್ರ ಉಳಿದು ನೆಲದ ಮೇಲೆ ಒದ್ದಾಡುತ್ತಿರುತ್ತದೆ. ಅದರ ಬಾಲದ ಮೂಳೆಗಳಲ್ಲಿ ಮುರಿಯಲೆಂದೇ ಸೀಳುಗಳಿವೆ. ಆಮೇಲೆ ಬೆಳೆಯುವ ಬಾಲದಲ್ಲಿ ಮೂಳೆ ಇರುವುದಿಲ್ಲ, ಮೃದ್ವಸ್ಥಿಯಷ್ಟೇ.

ವಿಷವಂತೂ ಒಂದು ಹನಿಯೂ ಇಲ್ಲ. ಜಿರಲೆ, ಗೆದ್ದಲು, ಮಿಡತೆ ತಿಂದುಕೊಂಡು ಇಲ್ಲಿನ ಅಂಗಳದಲ್ಲೂ ಕಮಲಾಪುರದ ಕೆಂಪುಬಾಳೆ ತೋಟದ ಒಣ ಎಲೆಗಳಡಿಯೂ ಬದುಕುವ ಪ್ರಾಣಿಗೆ ನಾವು ಹಾವಿನ ನಂಟು ಕಟ್ಟಿ ಬಡಿಯುತ್ತೇವೆ.

ಹಾವಿನ ಜೊತೆ ಅದಕ್ಕಿರುವ ನಿಜವಾದ ನಂಟು ಊಟದ್ದು. ಕಟ್ಟುಹಾವೆಂದು ಜನ ಹೆದರಿ ಸಾಯಿಸುವ, ವಿಷವಿಲ್ಲದ ತೋಳಹಾವು ರಾತ್ರಿ ಹೊರಟು ಬಿರುಕಿನಲ್ಲಿ ಮಲಗಿದ ಹಲ್ಲಿ, ಹಾವರಾಣಿಗಳನ್ನು ಹಿಡಿಯುತ್ತದೆ. ಹಾವರಾಣಿಯ ಹುರುಪೆಯಡಿ ಮೂಳೆಯ ಬಿಲ್ಲೆಗಳಿರುವುದರಿಂದ ಸಾಮಾನ್ಯ ಹಲ್ಲು ಜಾರುತ್ತದೆ. ತೋಳಹಾವಿನ ಮೇಲ್ದವಡೆ ಕಮಾನಾಗಿ ಬಾಗಿದೆ. ಮುಂದಿನ ಉದ್ದ ಹಲ್ಲುಗಳು ಇಕ್ಕಳದ ಹಾಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಇಷ್ಟಾದರೂ ನಮ್ಮಲ್ಲಿ ಎರಡೂ ಉಳಿದಿವೆ. ತಲತಲಾಂತರದಿಂದ ಒಂದನ್ನೊಂದು ಬಲ್ಲವು.

ಈ ಪರಿಚಯವಿಲ್ಲದ ಕಡೆ ಕಥೆ ಬೇರೆಯೇ. ಹಿಂದೂ ಮಹಾಸಾಗರದಲ್ಲಿ, ಜಾವಾದ ದಕ್ಷಿಣಕ್ಕೆ, ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪವಿದೆ. ವಿಸ್ತೀರ್ಣ ಸುಮಾರು 135 ಚದರ ಕಿ.ಮೀ., ಹೆಚ್ಚುಕಡಿಮೆ ನಮ್ಮ ಚಿಂಚೋಳಿ ವನ್ಯಜೀವಿಧಾಮದಷ್ಟು. ಅಲ್ಲಿನ ಕಾಡು ಹಾವರಾಣಿ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ವಿಜ್ಞಾನಿ ಬೌಲೆಂಜರ್ 1887ರಲ್ಲಿ ಅದಕ್ಕೆ ಹೆಸರಿಟ್ಟರು. ಮರ ಉರುಳಿ ಬಿಸಿಲು ಬೀಳುವ ಕಡೆ ಇವು ಮೈ ಕಾಯಿಸುತ್ತಿದ್ದವು. ಇವನ್ನು ಬೇಟೆಯಾಡುವ ಹಾವೇ ದ್ವೀಪದಲ್ಲಿರಲಿಲ್ಲ. 1987ರಲ್ಲಿ ನಮ್ಮ ತೋಳಹಾವಿನ ಆಗ್ನೇಯ ಏಷ್ಯಾದ ದಾಯಾದಿ ಅಲ್ಲಿ ಕಾಣಿಸಿಕೊಂಡಿತು. ಹಡಗಿನ ಸರಕಿನ ಜೊತೆ ಬಂದಿರಬೇಕು. ಆಮೇಲೆ ಕಾಡು ಹಾವರಾಣಿ ಕ್ಷೀಣಿಸುತ್ತ ಹೋಯಿತು. ಇದಕ್ಕೆ ಹಳದಿ ಹುಚ್ಚಿರುವೆ, ಬೆಕ್ಕುಗಳ ಮೇಲೂ ಗುಮಾನಿಯಿದೆ. ಆದರೆ ಹೆಚ್ಚಿನ ಬೆರಳು ತೋರುವುದು ಹಾವಿನ ಕಡೆಗೇ.

ಕಾಡಿನಲ್ಲಿ ಕೊನೆಯ ಬಾರಿ ಕಂಡದ್ದು 2010ರಲ್ಲಿ. ಅಷ್ಟರಲ್ಲಿ ಸಂತಾನಕ್ಕೆಂದು ಹಿಡಿದು ಸಾಕಿದ್ದು ಮೂರು, ಮೂರೂ ಹೆಣ್ಣು! ಕೊನೆಗುಳಿದ ಗಂಪ್ ಎಂಬುದು 2014ರ ಮೇ 31ರಂದು ಸತ್ತಿತು. ಆಸ್ಟ್ರೇಲಿಯಾ ಸರ್ಕಾರ ಈ ಜಾತಿಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದು ಅದೇ ವರ್ಷದ ಜನವರಿಯಲ್ಲಿ. ಕಡತಗಳ ನಡಿಗೆ ಎಲ್ಲ ದೇಶದಲ್ಲೂ ಒಂದೇ ಇರಬೇಕು. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವನ್ನು ಘೋಷಿಸಿತು.

ಅದೇ ದ್ವೀಪದ ನೀಲಿಬಾಲದ ಹಾವರಾಣಿಯ ಅದೃಷ್ಟ ನೆಟ್ಟಗಿತ್ತು. ಹಿಡಿದವುಗಳಲ್ಲಿ ಗಂಡು, ಹೆಣ್ಣು ಎರಡೂ ಇದ್ದವು, ಮರಿಗಳಾದವು. 2019ರಲ್ಲಿ ಕೆಲವನ್ನು ತೋಳಹಾವಿಲ್ಲದ ಕೊಕೊಸ್ ದ್ವೀಪಗಳ ನಡುಗಡ್ಡೆಯೊಂದಕ್ಕೆ ಒಯ್ದು ಬಿಟ್ಟರು.